ಗೋವಾಕ್ಕೆ ಹಡಗಾ, ರೈಲಾ? ಬೆಳೆದ ಮಕ್ಕಳ ಜೊತೆ ಎರಡೂ ನೋಡಿದ ಮೇಲೆ

ಹೋದ ಡಿಸೆಂಬರ್‌ನಲ್ಲಿ ಮುಂಬಯಿಯಿಂದ ಗೋವಾಕ್ಕೆ ಹಡಗಿನಲ್ಲಿ ಹೋಗಿ ಬಂದೆವು, ಮೂರು ರಾತ್ರಿ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಮೇಲೆ ಅದೇ ಗೋವಾಕ್ಕೆ ರೈಲಿನಲ್ಲಿ, ಐದು ದಿನ. ಎರಡೂ ಸಲ ಮುಂಬಯಿ ಪಕ್ಕದ ಡೊಂಬಿವಲಿಯಿಂದ ಹೊರಟವರು ನಾವು ನಾಲ್ಕೇ ಜನ. ನಾನು, ಇವರು, 16ರ ಮಗಳು, 13ರ ಮಗ. ಯಾವುದು ಒಳ್ಳೇದು ಅಂತ ಮಾಟುಂಗಾದ ನಮ್ಮ ನೆಂಟರೆಲ್ಲ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಜಾಹೀರಾತಿನಲ್ಲಿ ಕಾಣುವ ಹಡಗಿನ ದರವನ್ನು ನಂಬಬೇಡಿ. ಬಂದರಿನ ಶುಲ್ಕ, ಸಿಬ್ಬಂದಿಯ ಟಿಪ್ಸ್, ಜಿಎಸ್‌ಟಿ ಎಲ್ಲ ಆಮೇಲೆ ಬಂದು ಕೂರುತ್ತವೆ. ವೈಫೈ ಬೇರೆ, ಕೂಲ್‌ಡ್ರಿಂಕ್ ಬೇರೆ. ಕೋಣೆಯ ಕಾರ್ಡ್ ತೋರಿಸಿದರೆ ಏನು ಬೇಕಾದರೂ ಕೊಡುತ್ತಾರೆ, ಲೆಕ್ಕ ಕೊನೇ ದಿನ ಬರುತ್ತದೆ. ನಮ್ಮ ಮಗ ಅದೇ ಕಾರ್ಡಿನಲ್ಲಿ ಎಷ್ಟು ಮಾಕ್‌ಟೇಲ್ ಕುಡಿದಿದ್ದ ಅಂತ ಬಿಲ್ಲು ನೋಡಿದ ಮೇಲೇ ಗೊತ್ತಾಗಿದ್ದು. ರೈಲಿನ ಐದು ದಿನ, ಪಣಜಿಯ ಹೋಮ್‌ಸ್ಟೇ, ಊಟ, ಓಡಾಟ ಎಲ್ಲ ಸೇರಿದರೂ ಹಡಗಿನ ಖರ್ಚಿನ ಅರ್ಧ ದಾಟಲಿಲ್ಲ.

ಹತ್ತುವ ಕಷ್ಟ ಎರಡರಲ್ಲೂ ಇದೆ. ಹಡಗಿಗೆ ಮುಂಬಯಿ ಬಂದರಿನ ಬ್ಯಾಲಾರ್ಡ್ ಪಿಯರ್‌ನಲ್ಲಿ ಮಧ್ಯಾಹ್ನವೇ ಹೋಗಿ ಸಾಲು ನಿಲ್ಲಬೇಕು. ದೇಶದೊಳಗಿನ ಪ್ರಯಾಣವಾದ್ದರಿಂದ ಪಾಸ್‌ಪೋರ್ಟ್ ಬೇಡ, ಆಧಾರ್ ಸಾಕಾಯಿತು. ನಮಗೆ ಎರಡೂವರೆ ಗಂಟೆ ಹಿಡಿಯಿತು, ಕೂರಲು ಕುರ್ಚಿ ಸಾಲಲಿಲ್ಲ. ವಂದೇ ಭಾರತ್‌ಗೆ ನಸುಕಿನಲ್ಲೇ ಎದ್ದು, ಆರಕ್ಕೆ ಮುಂಚೆಯೇ ಠಾಣೆ ಸ್ಟೇಷನ್‌ನಲ್ಲಿರಬೇಕು. ಮಗಳು ಆ ಸಿಟ್ಟನ್ನು ಪನ್ವೇಲ್ ದಾಟುವ ತನಕ ಇಟ್ಟುಕೊಂಡಿದ್ದಳು.

ಹಡಗು ಹೊರಟ ಆ ಒಂದು ಗಂಟೆ ಇದೆಯಲ್ಲ, ಅದಕ್ಕೆ ಮಾತ್ರ ರೈಲಿನಲ್ಲಿ ಜೋಡಿ ಇಲ್ಲ. ಮೊದಲು ಎಲ್ಲರನ್ನೂ ಸೇರಿಸಿ ಲೈಫ್ ಜಾಕೆಟ್ ಕಟ್ಟಿಕೊಳ್ಳುವುದನ್ನು ಹೇಳಿಕೊಟ್ಟರು. ಆಮೇಲೆ ಮೇಲಿನ ಡೆಕ್‌ಗೆ ಓಡಿದೆವು. ಮುಂಬಯಿಯ ಕಟ್ಟಡಗಳು ಮೆಲ್ಲಗೆ ಹಿಂದೆ ಸರಿದವು. ಕೊಲಾಬಾದ ತುದಿಯಾಚೆ, ನೀರಿನ ನಡುವೆ ನಿಂತಿರುವ ಪ್ರಾಂಗ್ಸ್ ದೀಪಸ್ತಂಭ ದಾಟುವಾಗ ಕತ್ತಲಾಗುತ್ತಿತ್ತು. ಇವರ ಅಜ್ಜ ಮಂಗಳೂರಿನಿಂದ ಬೊಂಬಾಯಿಗೆ ಬಂದದ್ದೂ ಹಡಗಿನಲ್ಲೇ, ಡೆಕ್ ಮೇಲೆ ಚಾಪೆ ಹಾಸಿಕೊಂಡು. ಅದನ್ನು ಇವರು ಹೇಳಲು ಶುರು ಮಾಡಿದರು. ಅಷ್ಟರಲ್ಲಿ ಫೋನಿನ ಸಿಗ್ನಲ್ ಕಡ್ಡಿಗಳು ಒಂದೊಂದೇ ಮಾಯವಾಗುತ್ತಿದ್ದವು. ಮಕ್ಕಳು ಅಜ್ಜನ ಕತೆ ಪೂರ್ತಿ ಕೇಳಿದರು. ಬೇರೆ ದಾರಿಯೂ ಇರಲಿಲ್ಲ ಅನ್ನಿ.

ಕೋಣೆಯ ವಿಷಯದಲ್ಲಿ ನಾವು ತಪ್ಪು ಮಾಡಿದೆವು. ಅಗ್ಗ ಅಂತ ಕಿಟಕಿಯಿಲ್ಲದ ಒಳಕೋಣೆ ತೆಗೆದುಕೊಂಡೆವು, ಒಂದರಲ್ಲೇ ನಾಲ್ಕು ಜನ. ಮಕ್ಕಳ ಮಂಚ ಸೀಲಿಂಗ್‌ನಿಂದ ಇಳಿಯುತ್ತದೆ. ಸ್ನಾನ ಮಾಡುವಾಗ ಪರದೆ ಮೈಗೆ ಅಂಟಿಕೊಳ್ಳುತ್ತದೆ. ದೀಪ ಆರಿಸಿದರೆ ಕಗ್ಗತ್ತಲು, ಬೆಳಗಾದದ್ದೂ ತಿಳಿಯುವುದಿಲ್ಲ. ಮಗಳು ಹನ್ನೊಂದರ ತನಕ ಮಲಗಿದ್ದಳು, ಅವಳಿಗೆ ಅದೇ ಸ್ವರ್ಗ. ಒಂದೇ ಪುಣ್ಯ ಅಂದರೆ ಕೋಣೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿತ್ತು. ಅಲ್ಲಿ ಕುಲುಕಾಟ ಕಮ್ಮಿ. ಆದರೂ ಮೊದಲ ರಾತ್ರಿ ನಾನು ವಾಂತಿ ಬಾರದಿರಲು ಅವೊಮಿನ್ ಮಾತ್ರೆ ನುಂಗಿಯೇ ಮಲಗಿದೆ.

ಆದರೆ ಮಕ್ಕಳ ದೃಷ್ಟಿಯಿಂದ ಹಡಗು ಯಾಕೆ ಗೆಲ್ಲುತ್ತದೆ ಅಂತ ಎರಡನೇ ದಿನ ಗೊತ್ತಾಯಿತು. ಅವರು ನಮ್ಮನ್ನು ಬಿಟ್ಟು ಓಡಾಡಬಹುದು. ಕ್ಯಾಸಿನೋ, ಬಾರ್ ಬಿಟ್ಟರೆ ಬೇರೆ ತಡೆಯಿಲ್ಲ. ಮಗ ನಾಗಪುರದ ಮೂರು ಹುಡುಗರ ಜೊತೆ ಸೇರಿಕೊಂಡ. ರಾತ್ರಿ ಹನ್ನೊಂದಕ್ಕೆ ಒಬ್ಬನೇ ಹೋಗಿ ಪಿಜ್ಜಾ ತಿಂದು ಬಂದ. ಡೊಂಬಿವಲಿಯಲ್ಲಿ ಆ ಹೊತ್ತಿಗೆ ಅವನನ್ನು ಗೇಟಿನಾಚೆಗೂ ಬಿಡುವುದಿಲ್ಲ ನಾನು. ಹಡಗಿನಲ್ಲಿ ಎಲ್ಲಿಗೆ ಹೋದಾನು, ಸುತ್ತ ನೀರೇ ಅಲ್ವಾ. 'ಅಮ್ಮ, ಊಟಕ್ಕೆ ಎಲ್ಲಿ ಸಿಗೋಣ?' ಅಂತ ಮಗಳು ನನ್ನನ್ನೇ ಕೇಳಿದಳು, ಆಫೀಸಿನವರ ಥರ.

ಗೋವಾದಲ್ಲಿ ಇದು ತಲೆಕೆಳಗು. 18 ತುಂಬದವರಿಗೆ ಬಾಡಿಗೆ ಸ್ಕೂಟರ್ ಸಿಗುವುದಿಲ್ಲ, ಟ್ಯಾಕ್ಸಿ ದುಬಾರಿ. ಐದು ದಿನವೂ ಇವರೇ ಡ್ರೈವರ್, ನಾನೇ ಟೈಂ ಕೀಪರ್. ಬೀಚಿಗೆ ಹೋಗಬೇಕಾ, ಬೇಡವಾ ಅಂತ ದಿನಾ ಬೆಳಿಗ್ಗೆ ಪಂಚಾಯಿತಿ.

ಆದರೆ ಊರು ನೋಡಬೇಕು ಅಂದರೆ ಹಡಗಿನ ಮೇಲೆ ಆಸೆ ಇಡಬೇಡಿ. ಅದು ಮುರಗಾಂವ್ ಬಂದರಿನಲ್ಲಿ ನಿಲ್ಲುತ್ತದೆ, ಪಣಜಿ ಅಲ್ಲಿಂದ ಸುಮಾರು 30 ಕಿ.ಮೀ. ಹೋಗಿ, ಒಂದು ಚರ್ಚು ನೋಡಿ, ಊಟ ಮುಗಿಸುವಷ್ಟರಲ್ಲಿ ಗಡಿಯಾರ ನೋಡುವ ಕೆಲಸ ಶುರು. ತಡವಾದರೆ ಹಡಗು ಕಾಯುವುದಿಲ್ಲ. ರೈಲಿನ ಸಲ ಪಣಜಿಯ ಹಳೇ ಬಡಾವಣೆ ಫೊಂತೈನ್ಯಾಸ್‌ನ ಹಳದಿ, ನೀಲಿ ಗೋಡೆಗಳ ಓಣಿಗಳಲ್ಲೇ ಇದ್ದೆವು. ಪಣಜಿ ಪಕ್ಕದ ರಿಬಂದರ್‌ನಿಂದ ಚೋಡಣ್ ದ್ವೀಪಕ್ಕೆ ಫೆರಿ ಇದೆ, ನಾವು ಹೋದಾಗ ನಡೆದು ಹತ್ತುವವರಿಗೆ ಟಿಕೆಟ್ ಇರಲಿಲ್ಲ. ಮಗ ಸುಮ್ನೆ ಅದರಲ್ಲಿ ನಾಲ್ಕು ಸಲ ಹೋಗಿ ಬಂದ. ನಾವು ದಡದಲ್ಲಿ ಕೂತು ಚಹಾ ಕುಡಿದೆವು. ಐದು ದಿನದಲ್ಲಿ ಅವನು ಒಬ್ಬನೇ ಹೋದದ್ದು ಅಷ್ಟೇ ದೂರ.

ರೈಲಿನ ದಾರಿಯೂ ಬೇಜಾರಿನದಲ್ಲ. ರತ್ನಾಗಿರಿ ಹತ್ತಿರ ಕರಬುಡೆ ಸುರಂಗ ಆರೂವರೆ ಕಿಲೋಮೀಟರ್ ಉದ್ದ. ಅದರೊಳಗೆ ರೀಲ್ಸ್ ನಿಂತುಹೋದಾಗ ಮಗಳು ತಲೆ ಎತ್ತಿ 'ಬಂತಾ?' ಅಂದಳು. ಗೋವಾದ ಥಿವಿಮ್ ಸ್ಟೇಷನ್‌ನಲ್ಲಿ ಇಳಿದಾಗ ಊಟದ ಹೊತ್ತು.

ಊಟ? ಹಡಗಿನಲ್ಲಿ ಜಾಸ್ತಿ, ಗೋವಾದಲ್ಲಿ ರುಚಿ.

ನನ್ನ ಓಟು ಹೋಗುವಾಗ ರೈಲು, ಬರುವಾಗ ಹಡಗಿಗೆ. ಮಕ್ಕಳು ಚಿಕ್ಕವರಿದ್ದಿದ್ದರೆ ರೈಲು ಒಂದೇ ಸಾಕು ಅನ್ನುತ್ತಿದ್ದೆ. ಮಳೆಗಾಲದಲ್ಲಿ ಹಡಗಿನ ಯೋಚನೆಯನ್ನೇ ಬಿಡಿ. ಮಗಳದ್ದು ಒಂದೇ ಷರತ್ತು: ಮುಂದಿನ ಸಲ ಅವರಿಬ್ಬರಿಗೆ ಬೇರೆ ಕೋಣೆ. ಇವರು ಮೊನ್ನೆಯಿಂದ ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದಾರೆ.