ಕ್ಲಾಸಿಕ್ 350ರಿಂದ ನಿಂಜಾ 650ಕ್ಕೆ: ತೀರ್ಥಹಳ್ಳಿಯ ದಾರಿಯಲ್ಲಿ ಎಂಟು ತಿಂಗಳು

ಕೆಲಸ ಬೆಂಗಳೂರಿನಲ್ಲಿ, ಊರು ತೀರ್ಥಹಳ್ಳಿಯ ಬಳಿ. ತುಮಕೂರು, ಅರಸೀಕೆರೆ, ಕಡೂರು, ಶಿವಮೊಗ್ಗ ದಾಟಿ ಹೋಗುವ 350 ಕಿಲೋಮೀಟರ್‌ಗೂ ಮಿಕ್ಕ ಈ ದಾರಿಯನ್ನು ಮೂರು ವರ್ಷ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಲ್ಲಿ ಕ್ರಮಿಸಿದ ನಾನು ಎಂಟು ತಿಂಗಳಿಂದ ಕವಾಸಾಕಿ ನಿಂಜಾ 650ರಲ್ಲಿ ಓಡಾಡುತ್ತಿದ್ದೇನೆ. ಹಳೆಯ ಗಾಡಿಯ ಮೇಲೆ ಯಾವ ದೂರೂ ಇರಲಿಲ್ಲ. ಆದರೆ ಊರು ಮುಟ್ಟುವ ಹೊತ್ತಿಗೆ ಎದೆಗೆ ಬಡಿದ ಗಾಳಿಯಿಂದಲೇ ಮೈ ಸೋತುಹೋಗಿ, ಮರುದಿನ ಮಧ್ಯಾಹ್ನದವರೆಗೂ ತೋಟದ ಕಡೆ ಹೆಜ್ಜೆ ಇಡಲು ಮನಸ್ಸಾಗುತ್ತಿರಲಿಲ್ಲ. ಬದಲಾವಣೆಗೆ ಕಾರಣ ಈ ದಣಿವೇ ಹೊರತು ವೇಗದ ಆಸೆಯಲ್ಲ.

ತಕ್ಕಡಿಗೆ ಹಾಕಿದರೆ ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಕಿಲೋ: ಕ್ಲಾಸಿಕ್ 195, ನಿಂಜಾ 196. ಶಕ್ತಿಯಲ್ಲಿ ಮಾತ್ರ ಅಜಗಜಾಂತರ. ಅಲ್ಲಿ 349 ಸಿಸಿಯ ಒಂಟಿ ಸಿಲಿಂಡರ್ ಸುಮಾರು 20 ಅಶ್ವಶಕ್ತಿ ಕೊಟ್ಟರೆ, ಇಲ್ಲಿ 649 ಸಿಸಿಯ ಜೋಡಿ ಸಿಲಿಂಡರ್ 67ರಷ್ಟು ಕೊಡುತ್ತದೆ. ನಾಲ್ಕು ಪಥದ ಹೆದ್ದಾರಿಯಲ್ಲೂ ಬೈಕುಗಳ ಮಿತಿ ಗಂಟೆಗೆ 80 ಕಿಲೋಮೀಟರ್ ಆಗಿರುವಾಗ ಇಷ್ಟೆಲ್ಲ ಶಕ್ತಿ ಏಕೆ ಎಂದು ಗೆಳೆಯರು ಕೇಳುತ್ತಾರೆ. ಅರಸೀಕೆರೆಯ ಆಸುಪಾಸಿನಲ್ಲಿ ತೆಂಗಿನಕಾಯಿ ತುಂಬಿಕೊಂಡು ಏರು ಹತ್ತುವ ಲಾರಿಯನ್ನು ಹಿಂದಿಕ್ಕುವಾಗ ಅದರ ಉತ್ತರ ಸಿಗುತ್ತದೆ. ಕ್ಲಾಸಿಕ್‌ನಲ್ಲಿ ಗೇರ್ ಇಳಿಸಿ, ಎದುರಿನ ದಾರಿಯನ್ನು ಎರಡೆರಡು ಸಲ ಅಂದಾಜು ಮಾಡಿ ಹೊರಡಬೇಕಿತ್ತು. ನಿಂಜಾದಲ್ಲಿ ಲಾರಿಯ ಪಕ್ಕದಲ್ಲಿ, ಅಂದರೆ ಅಪಾಯದಲ್ಲಿ, ಕಳೆಯುವ ಹೊತ್ತು ಅರ್ಧಕ್ಕೂ ಕಡಿಮೆ. ಮಿಕ್ಕಂತೆ 80ರ ವೇಗದಲ್ಲಿ ಎಂಜಿನ್ ದಣಿಯುವುದೇ ಇಲ್ಲ, ಮುಂದಿನ ಗಾಜು ಎದೆಯ ಗಾಳಿಯನ್ನು ತಡೆಯುತ್ತದೆ.

ಕೂರುವ ಭಂಗಿಗೆ ಒಗ್ಗಿಕೊಳ್ಳಲು ನನಗೆ ಒಂದೂವರೆ ತಿಂಗಳು ಹಿಡಿಯಿತು. ಹ್ಯಾಂಡಲ್ ತಗ್ಗಿನಲ್ಲಿದೆ, ಕಾಲು ಹಿಂದಕ್ಕೆ ಮಡಿಯುತ್ತದೆ. ಮೊದಮೊದಲು ಮೈಭಾರವನ್ನೆಲ್ಲ ಅಂಗೈ ಮೇಲೆ ಹಾಕುತ್ತಿದ್ದುದರಿಂದ ಕಡೂರು ತಲುಪುವಷ್ಟರಲ್ಲಿ ಮಣಿಕಟ್ಟು ಜೋಮು ಹಿಡಿಯುತ್ತಿತ್ತು. ತೊಡೆಗಳಿಂದ ಟ್ಯಾಂಕನ್ನು ಬಿಗಿಯಾಗಿ ಒತ್ತಿ, ಬೆನ್ನಿನ ಬಲದಲ್ಲಿ ಕೂತು, ಮೊಣಕೈ ಸಡಿಲ ಬಿಡುವುದನ್ನು ಕಲಿತ ಮೇಲೆ ಆ ನೋವು ಹೋಯಿತು.

ಈ ಗಾಡಿಯ ಗುಣ ಪೂರ್ತಿ ತಿಳಿದದ್ದು ಆಗುಂಬೆಯಲ್ಲಿ. ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಇಳಿಯುವಾಗ ಥಟ್ಟನೆ ಗೇರ್ ಇಳಿಸಿದರೂ ಹಿಂದಿನ ಚಕ್ರ ಕುಪ್ಪಳಿಸುವುದಿಲ್ಲ; ಎಂಜಿನ್ನಿನ ಎಳೆತ ಮಿತಿಮೀರಿದಾಗ ಸ್ಲಿಪ್ಪರ್ ಕ್ಲಚ್ ತಾನಾಗಿ ತುಸು ಜಾರಿ ಆ ಒತ್ತಡವನ್ನು ನುಂಗಿಕೊಳ್ಳುತ್ತದೆ. ಮಳೆಗಾಲದ ಒಂದು ಬೆಳಗ್ಗೆ ಘಾಟಿ ಹತ್ತುವಾಗ, ಕೊಳೆತ ಎಲೆ ಬಿದ್ದಿದ್ದ ತಿರುವಿನಲ್ಲಿ ಹಿಂದಿನ ಚಕ್ರ ಒಂದಿಷ್ಟು ಜಾರಿತು. ಪರದೆಯ ಮೇಲೆ, ಚಕ್ರ ಜಾರಿದಾಗ ಎಂಜಿನ್ನಿನ ಶಕ್ತಿಯನ್ನು ತಾನಾಗಿ ತಗ್ಗಿಸುವ ಟ್ರ್ಯಾಕ್ಷನ್ ಕಂಟ್ರೋಲ್‌ನ ಪುಟ್ಟ ದೀಪ ಮಿನುಗಿತು, ಎಂಜಿನ್ನಿನ ದನಿ ಅರೆಕ್ಷಣ ತಗ್ಗಿತು, ಗಾಡಿ ಮತ್ತೆ ನೆಟ್ಟಗೆ ಹಿಡಿತಕ್ಕೆ ಬಂತು. ಕೊಟ್ಟ ಹಣಕ್ಕೆ ಅಂದೇ ನ್ಯಾಯ ಸಿಕ್ಕಿತೆಂದು ನಂಬಿದ್ದೇನೆ.

ಕಳೆದುಕೊಂಡದ್ದೂ ಕಡಿಮೆಯೇನಲ್ಲ. ನೆಲದಿಂದ ಗಾಡಿಯ ಅಡಿಗೆ ಕ್ಲಾಸಿಕ್‌ನಲ್ಲಿ 170 ಮಿಲಿಮೀಟರ್ ಅಂತರವಿದ್ದರೆ ಇಲ್ಲಿರುವುದು 130 ಮಾತ್ರ. ಹೆಂಡತಿಯನ್ನೂ ಬ್ಯಾಗನ್ನೂ ಹೊತ್ತು ಹಳ್ಳಿಯೊಂದರ ಹಂಪ್ ದಾಟುವಾಗ ಅಡಿಯಿಂದ ಬಂದ ಕರ್ರೆಂಬ ಸದ್ದು ಇನ್ನೂ ಕಿವಿಯಲ್ಲಿದೆ. ಅಂದಿನಿಂದ ಹಂಪ್ ಕಂಡರೆ ವೇಗವನ್ನು ಪೂರ್ತಿ ತಗ್ಗಿಸಿ, ಓರೆಯಾಗಿ ದಾಟಿಸುತ್ತೇನೆ. ಹಿಂದಿನ ಸೀಟು ಎತ್ತರವಾಗಿಯೂ ಕಿರಿದಾಗಿಯೂ ಇರುವುದರಿಂದ “ಅಟ್ಟದ ಮೇಲೆ ಕೂರಿಸಿದ ಹಾಗಿದೆ ಕಣ್ರೀ” ಎಂದು ಅವಳು ಹೇಳಿದ್ದು ಸರಿಯಾದ ಮಾತು. ನೂರು ಕಿಲೋಮೀಟರಿಗೊಮ್ಮೆ ಇಳಿದು ಕಾಲು ಚಾಚಲೇಬೇಕು. ಇನ್ನು ಪೆಟ್ರೋಲ್: ಕ್ಲಾಸಿಕ್‌ನ 13 ಲೀಟರ್ ಟ್ಯಾಂಕ್ ನನಗೆ ಲೀಟರಿಗೆ 35ರ ಲೆಕ್ಕದಲ್ಲಿ ಮನೆ ಮುಟ್ಟಿಸುತ್ತಿತ್ತು, ನಿಂಜಾದ 15 ಲೀಟರ್ 22ರ ಲೆಕ್ಕದಲ್ಲಿ ಸಾಲದಾದ್ದರಿಂದ ತರೀಕೆರೆಯಲ್ಲಿ ಮತ್ತೆ ಬಂಕ್‌ಗೆ ನುಗ್ಗುತ್ತೇನೆ. ಬೆಲೆಯಂತೂ ಮೂರು ಪಟ್ಟಿಗೂ ಹೆಚ್ಚು.

ತಿಂಗಳಿಗೊಮ್ಮೆಯಾದರೂ ದೂರದ ಹೆದ್ದಾರಿ, ಘಾಟಿ ಹಿಡಿಯುವವರಿಗೆ ಈ ಗಾಡಿಯನ್ನು ನಿಸ್ಸಂಕೋಚವಾಗಿ ಹೇಳುತ್ತೇನೆ. ನಿಮ್ಮ ದಾರಿ ಮೈಸೂರಿನದಾದರೆ ಯೋಚಿಸಿ: 2023ರ ಆಗಸ್ಟ್ 1ರಿಂದ ಅಲ್ಲಿಯ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ ಬೈಕುಗಳನ್ನು ಬಿಡುತ್ತಿಲ್ಲ, ಸರ್ವಿಸ್ ರಸ್ತೆಯಲ್ಲಿ ನಿಂಜಾಕ್ಕೆ ಮೈಚಾಚಲು ಜಾಗವಿಲ್ಲ. ಕ್ಲಾಸಿಕ್ ಅನ್ನು ನಾನು ಮಾರಲಿಲ್ಲ. ಅದು ಊರಿನ ಕೊಟ್ಟಿಗೆಯ ಪಕ್ಕದಲ್ಲಿದೆ. ಅಮ್ಮನನ್ನು ಪೇಟೆಗೆ ಕರೆದೊಯ್ಯುವುದು ಈಗಲೂ ಅದರಲ್ಲೇ.