ಕಾರವಾರದ ಬೂಟು, ಹಾಳುಬಿದ್ದ ಪಾರ್ಕುಗಳು

2017ರ ಡಿಸೆಂಬರ್‌ನಲ್ಲಿ ಕಾರವಾರದ ಬಜಾರದಲ್ಲಿ 1,350 ರೂಪಾಯಿ ಕೊಟ್ಟು ಒಂದು ಜೊತೆ ಸೇಫ್ಟಿ ಬೂಟು ತಗೊಂಡೆ. ಕಂಪನಿ ಹೆಸರು ಹೇಳುವುದಿಲ್ಲ, ಯಾಕೆಂದರೆ ಕೊನೆಗೆ ಸ್ವಲ್ಪ ಬೈಯುವುದಿದೆ.

ನಾನು ಪ್ರವಾಸಿ ಹಡಗಿನಲ್ಲಿ ಎಲೆಕ್ಟ್ರಿಷಿಯನ್. ಹಡಗು ಬಂದರಿಗೆ ತಾಗಿದ ದಿನ ರಜೆ ಸಿಕ್ಕರೆ ಉಳಿದವರು ಮಾಲ್‌ಗೆ ಹೋಗುತ್ತಾರೆ. ನಾನು ಮುಚ್ಚಿಹೋದ ಅಮ್ಯೂಸ್‌ಮೆಂಟ್ ಪಾರ್ಕ್ ಹುಡುಕಿಕೊಂಡು ಹೋಗುತ್ತೇನೆ. ಈ ಹುಚ್ಚು ಹತ್ತಿದ್ದು ಶಿರಸಿಯಲ್ಲಿ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಜಾತ್ರೆ ಬಂತೆಂದರೆ ಮಾವನ ಜೊತೆ ಜನರೇಟರ್ ಕಾಯಲು ಹೋಗುತ್ತಿದ್ದೆ. ಜಾತ್ರೆಪೇಟೆ ಮುಗಿದ ಕೂಡಲೇ ತೊಟ್ಟಿಲಿನ ಬೋಲ್ಟು ಬಿಚ್ಚುತ್ತಾರೆ, ಲಾರಿಗೆ ಹೇರುತ್ತಾರೆ, ಹೋಗೇ ಬಿಡುತ್ತಾರೆ. ನಮ್ಮಲ್ಲಿ ತೊಟ್ಟಿಲು ಹಾಳು ಬೀಳುವುದಿಲ್ಲ, ಲಾರಿ ಹತ್ತುತ್ತದೆ. ನಿಂತಲ್ಲೇ ನಿಂತು ತುಕ್ಕು ಹಿಡಿದ ತೊಟ್ಟಿಲು ಹೇಗಿರುತ್ತದೆ ಅಂತ ನೋಡುವ ಆಸೆ ನನಗೆ.

ಈಗ ಬೂಟಿನ ವಿಷಯ. ಸೇಫ್ಟಿ ಬೂಟು ಅಂದರೆ ಎಲ್ಲರೂ ಮೂತಿಯ ಕಬ್ಬಿಣ ತಟ್ಟಿ ನೋಡುತ್ತಾರೆ. ಭಾರತದ ಸೇಫ್ಟಿ ಬೂಟಿನ ಮಾನದಂಡವಾದ ಐಎಸ್ 15298 ಗುರುತಿದ್ದರೆ ಮೂತಿ 200 ಜೂಲ್ ಹೊಡೆತ ತಡೆಯಬೇಕು, ಅಂದರೆ 20 ಕಿಲೋ ಭಾರ ಒಂದು ಮೀಟರ್ ಮೇಲಿಂದ ಬಿದ್ದ ಹಾಗೆ. ಹಡಗಿನ ಕೆಲಸಕ್ಕೆ ಅದು ಬೇಕು. ಹಾಳು ಪಾರ್ಕಿನಲ್ಲಿ ಅಪಾಯ ಮೇಲಿಂದ ಕಡಿಮೆ, ಕೆಳಗಿನಿಂದ ಜಾಸ್ತಿ. ಮೊಳೆ, ಗಾಜು, ಹುಲ್ಲಿನೊಳಗೆ ಮುಖ ಮೇಲೆ ಮಾಡಿ ನಿಂತ ಸರಳು. ಅದಕ್ಕೆ ಅಡಿಯಲ್ಲಿ ಉಕ್ಕಿನ ತಗಡು ಇರಬೇಕು. ನಾಲಿಗೆಯ ಮೇಲೆ ಎಸ್‌1ಪಿ ಅಂತ ಇದ್ದರೆ ಆ 'ಪಿ' ಇರುವುದು ಮೊಳೆ ತಡೆಯುವ ತಗಡಿಗೆ. ಬರೀ ಎಸ್‌1 ಇದ್ದರೆ ತಗಡಿಲ್ಲ. ನಾನು ಅಂಗಡಿಯಲ್ಲಿ ಕೇಳಿದ್ದಕ್ಕೆ ಅವರು, "ತಗಡು ಯಾಕೆ, ಭಾರ ಆಗ್ತದೆ" ಅಂದರು. ಭಾರ ಆಗುವುದು ನಿಜ, ಆದರೂ ತಗಡಿದ್ದದ್ದನ್ನೇ ತಗೊಂಡೆ.

ಮೊದಲ ಪರೀಕ್ಷೆ ವಿಯೆಟ್ನಾಂನ ಹ್ಯೂ ಊರಿನ ಹತ್ತಿರ, ಹೋ ಥುಯ್ ತಿಯೆನ್ ಕೆರೆಯ ದಂಡೆಯಲ್ಲಿ. ಹಡಗು ಚಾನ್ ಮೇ ಬಂದರಿನಲ್ಲಿ ನಿಂತಿತ್ತು. ಅಲ್ಲಿಂದ ಕಾರು, ಆಮೇಲೆ ಬೈಕು. 2004ರಲ್ಲಿ ಕೆಲಸ ಪೂರ್ತಿ ಮುಗಿಯುವ ಮುಂಚೆಯೇ ತೆರೆದ ವಾಟರ್ ಪಾರ್ಕ್ ಅದು, ಕೆಲವೇ ವರ್ಷ ನಡೆಯಿತು. ಕೆರೆಯ ನೀರಿನ ಮೇಲೆ ಮೂರು ಅಂತಸ್ತಿನ ಡ್ರ್ಯಾಗನ್ ಒಂದು ಗೋಳವನ್ನು ಸುತ್ತಿಕೊಂಡು ಕೂತಿದೆ. ಒಳಗೆ ಹಿಂದೆ ಅಕ್ವೇರಿಯಂ ಇತ್ತು. ನಾನು ಹೋದಾಗ ಗಾಜೆಲ್ಲ ಒಡೆದು ನೆಲದ ಮೇಲೆ. ಪ್ರತಿ ಹೆಜ್ಜೆಗೂ ಕರಕರ ಸದ್ದು, ಹಪ್ಪಳದ ಮೇಲೆ ನಡೆದ ಹಾಗೆ. ಬೂಟಿಗೆ ಏನೂ ಆಗಲಿಲ್ಲ. ಮೆಟ್ಟಿಲು ಹತ್ತಿ ಡ್ರ್ಯಾಗನ್ ಬಾಯಿಗೆ ಬಂದು ಹಲ್ಲುಗಳ ನಡುವಿಂದ ಕೆರೆ ನೋಡಿದೆ. ಅರ್ಧ ಗಂಟೆ ಅಲ್ಲೇ ಕೂತಿದ್ದೆ. ನಮ್ಮ ಕಾಳಿ ನದಿಯ ಅಳಿವೆ ಕಡೆ ಸಂಜೆ ಬರುವಂಥದೇ ಗಾಳಿ.

ಆದರೆ ನೀರು ಜಾರುವ ಸ್ಲೈಡಿನ ಹತ್ತಿರ ಬೂಟು ಮಾನ ಕಳೆಯಿತು. ಪಾಚಿ ಕಟ್ಟಿದ ಸಿಮೆಂಟಿನ ಮೇಲೆ ಪಿಯು, ಅಂದರೆ ಪಾಲಿಯುರೆಥೇನ್ ಪ್ಲಾಸ್ಟಿಕ್ಕಿನ ಅಡಿ ನಿಲ್ಲುವುದೇ ಇಲ್ಲ. ಎರಡು ಸಲ ಕುಂಡೆ ಊರಿದೆ. ಅಲ್ಲೇ ಒಬ್ಬ ಹುಡುಗ ರಬ್ಬರ್ ಚಪ್ಪಲಿಯಲ್ಲಿ ಸಲೀಸಾಗಿ ಓಡಾಡುತ್ತಿದ್ದ!

ಅದೇ ವರ್ಷ ಹಡಗು ಜಪಾನಿನ ಒಸಾಕಕ್ಕೆ ಹೋಯಿತು. ಅದರ ಹತ್ತಿರವೇ ನಾರಾ ಊರು. ನಾರಾ ಡ್ರೀಮ್‌ಲ್ಯಾಂಡ್ ನೋಡಬೇಕೆಂದು ಬಹಳ ವರ್ಷದ ಆಸೆ. 1961ರಲ್ಲಿ ಡಿಸ್ನಿಲ್ಯಾಂಡ್ ನೋಡಿ ಕಟ್ಟಿದ್ದು, 2006ರಲ್ಲಿ ಮುಚ್ಚಿದ್ದು. 2001ರಲ್ಲಿ ಒಸಾಕದಲ್ಲೇ ಯೂನಿವರ್ಸಲ್ ಸ್ಟುಡಿಯೋಸ್ ಬಂದ ಮೇಲೆ ಯಾರು ಅಲ್ಲಿಗೆ ಹೋಗುತ್ತಾರೆ, ಅಲ್ವಾ? ಹತ್ತು ವರ್ಷ ಹಾಗೇ ನಿಂತಿದ್ದನ್ನು ನಾನು ಹೋಗುವ ಮುಂಚಿನ ವರ್ಷ ಕೆಡವಿ ಮುಗಿಸಿದ್ದರು. ಬೂಟು ಹಡಗಿನಲ್ಲೇ ಉಳಿಯಿತು.

ಬಾಲಿಯ ತಾಮನ್ ಫೆಸ್ಟಿವಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1997ರ ಆರ್ಥಿಕ ಕುಸಿತದ ಹೊತ್ತಿಗೆ ಹುಟ್ಟಿದ ಪಾರ್ಕ್, ನಾನು ಹೋದಾಗ ಕಾಡಾಗಿತ್ತು. ಸಮುದ್ರದ ಪಕ್ಕ, ಸೆಕೆ, ಸೊಳ್ಳೆ. ಗೋಡೆಗಳನ್ನೆಲ್ಲ ಬೇರು ತಬ್ಬಿಕೊಂಡಿತ್ತು. ಅಲ್ಲಿ ಬಿದ್ದ ಹಲಗೆಯ ಮೇಲೆ ಎಡಗಾಲು ಇಟ್ಟೆ, 'ಟಕ್' ಅಂತ ಸದ್ದಾಯಿತು. ಎತ್ತಿದರೆ ಹಲಗೆಯೂ ಕಾಲ ಜೊತೆ ಬಂತು! ಬೆರಳುದ್ದದ ಮೊಳೆ ಅಡಿಯನ್ನು ಸೀಳಿ ತಗಡಿಗೆ ತಾಗಿ ಬಗ್ಗಿತ್ತು. 1,350 ರೂಪಾಯಿ ಅಲ್ಲೇ ವಸೂಲಾಯಿತು.

ಸಿಯೋಲ್‌ನ ಯೋಂಗ್ಮಾ ಲ್ಯಾಂಡ್‌ಗೆ ಈ ಬೂಟು ಬೇಡವೇ ಬೇಡ. 1980ರಲ್ಲಿ ಶುರುವಾದ ಚಿಕ್ಕ ಪಾರ್ಕ್, 2011ರಲ್ಲಿ ನಿಂತಿತು. ಮಾಲೀಕರು ಕೆಡವದೆ ಹಾಗೇ ಇಟ್ಟು, ಫೋಟೋ ತೆಗೆಯುವವರಿಂದ ಹಣ ತಗೊಳ್ಳುತ್ತಿದ್ದರು. 2019ರಲ್ಲಿ ನಾನು 10,000 ವೋನ್ ಕೊಟ್ಟೆ, ಸುಮಾರು 600 ರೂಪಾಯಿ. ನೆಲ ಗುಡಿಸಿತ್ತು. ಇನ್ನಷ್ಟು ಹಣ ಕೊಟ್ಟರೆ ಕುದುರೆ ಸುತ್ತುವ ಮೆರ್ರಿ ಗೋ ರೌಂಡಿಗೆ ದೀಪ ಹಾಕುತ್ತಿದ್ದರು. ಒಂದು ಮದುವೆ ಜೋಡಿ ಹಾಕಿಸಿತು. ನಾನು ಪುಕ್ಕಟೆ ನೋಡಿದೆ. ದೀಪ ಹತ್ತಿತು, ಕುದುರೆ ಮಾತ್ರ ಅಲ್ಲಾಡಲಿಲ್ಲ. ಬಲ್ಬಿನ ವೈರಿಂಗ್ ಅಚ್ಚುಕಟ್ಟು, ಯಾರೋ ತಿಳಿದವರು ಮಾಡಿದ್ದಾರೆ. ನೋಡಿದ್ದರಲ್ಲಿ ನನಗೆ ಹಿಡಿಸಿದ್ದು ಇದೇ. ಹೆದರಿಕೆ ಇಲ್ಲದ ಹಾಳು ಜಾಗದಲ್ಲಿ ಮಜಾ ಇಲ್ಲ ಅನ್ನುವವರೂ ಇದ್ದಾರೆ. ಅವರ ಕಾಲಿಗೆ ಇನ್ನೂ ಮೊಳೆ ಹೊಕ್ಕಿಲ್ಲ, ಅಷ್ಟೇ.

ಈಗ ಬೈಗುಳ. 2020ರ ಮಾರ್ಚ್‌ನಲ್ಲಿ ಹಡಗುಗಳೆಲ್ಲ ನಿಂತವು. ಬೂಟನ್ನು ಡಬ್ಬದಲ್ಲಿಟ್ಟು ಅಟ್ಟಕ್ಕೆ ಹಾಕಿದೆ. ಎರಡು ಮಳೆಗಾಲ ಕಳೆಯಿತು. ಕೆಲಸಕ್ಕೆ ಕರೆ ಬಂದಾಗ ತೆಗೆದು ನೋಡಿದರೆ ಚರ್ಮಕ್ಕೆ ಬೂಸ್ಟು. ಅದನ್ನು ಒರೆಸಬಹುದು. ಹಾಕಿಕೊಂಡು ಅಂಗಳ ದಾಟುವಷ್ಟರಲ್ಲಿ ಅಡಿ ಒಣ ರೊಟ್ಟಿ ಥರ ಪುಡಿಪುಡಿಯಾಗಿ ಉದುರಿತು. ಪಿಯು ಅಡಿಗೆ ಗಾಳಿಯ ತೇವವೇ ಶತ್ರುವಂತೆ, ನಿಧಾನಕ್ಕೆ ಒಳಗಿಂದ ತಿನ್ನುತ್ತದೆ. ದಿನಾ ಹಾಕಿದರೆ ಬಾಳುತ್ತದೆ, ಸುಮ್ನೆ ಇಟ್ಟರೆ ಸಾಯುತ್ತದೆ. ಡಬ್ಬದ ಮೇಲೆ ಇದನ್ನು ಒಂದು ಸಾಲು ಬರೆದಿದ್ದರೆ ಏನಾಗುತ್ತಿತ್ತು? ಕರಾವಳಿಯಲ್ಲಿ ಮಾರುವ ಮಾಲಲ್ಲವೇ?

ಹೊಸದಾಗಿ ನೈಟ್ರೈಲ್ ರಬ್ಬರ್ ಅಡಿಯ ಜೋಡಿ ತಗೊಂಡಿದ್ದೇನೆ. ಅಂಗಡಿ ಅದೇ. ತಗಡಿದೆ, ಭಾರ ಇನ್ನೂ ಜಾಸ್ತಿ, ಪಾಚಿಯ ಮೇಲೆ ಪರವಾಗಿಲ್ಲ. ಹಳೆಯದನ್ನು ಎಸೆಯುವ ಮುಂಚೆ ಎಡಗಾಲಿನ ತಗಡು ಕಿತ್ತು ಟೂಲ್ ಬಾಕ್ಸಿನಲ್ಲಿಟ್ಟಿದ್ದೇನೆ. ಹಿಮ್ಮಡಿಯಿಂದ ನಾಲ್ಕು ಬೆರಳು ಮುಂದೆ ಬಾಲಿಯ ಮೊಳೆ ಮಾಡಿದ ಕುಳಿ ಇದೆ, ಒಂದು ಹೆಸರುಕಾಳು ಕೂರುವಷ್ಟು.