‘ಜಸ್ಟಿಸ್’ನಿಂದ ಶುರು ಮಾಡಬೇಡಿ: ಸ್ಟ್ಯಾನ್‌ಫರ್ಡ್ ತತ್ವಶಾಸ್ತ್ರ ವಿಶ್ವಕೋಶವನ್ನು ಓದುವ ಬಗೆ

ನ್ಯಾಯ, ಸಮಾನತೆ, ವ್ಯಕ್ತಿಯ ಒಳಿತು ಈ ಮೂರರ ಬಗ್ಗೆ ಗಂಭೀರವಾಗಿ ಓದಬೇಕೆನ್ನುವವರಿಗೆ ಕಾಸು ಖರ್ಚಿಲ್ಲದೆ ಸಿಗುವ ಅತ್ಯುತ್ತಮ ಸೇವೆ ಸ್ಟ್ಯಾನ್‌ಫರ್ಡ್ ಎನ್‌ಸೈಕ್ಲೋಪೀಡಿಯ ಆಫ್ ಫಿಲಾಸಫಿ. 1995ರಲ್ಲಿ ಎಡ್ವರ್ಡ್ ಜಾಲ್ಟಾ ಶುರು ಮಾಡಿದ್ದು. ಆಯಾ ವಿಷಯದಲ್ಲೇ ಕೆಲಸ ಮಾಡಿದ ವಿದ್ವಾಂಸರು ಲೇಖನ ಬರೆಯುತ್ತಾರೆ, ಇತರ ವಿದ್ವಾಂಸರು ಪರಿಶೀಲಿಸುತ್ತಾರೆ, ಬರೆದವರೇ ಕಾಲಕಾಲಕ್ಕೆ ತಿದ್ದುತ್ತಾರೆ. ಜಾಹೀರಾತಿಲ್ಲ, ಓದಲು ಲಾಗಿನ್ ಬೇಕಿಲ್ಲ. ಪುಟಗಳಲ್ಲಿ ಇರುವುದು ಹೆಚ್ಚೂಕಡಿಮೆ ಬರೀ ಅಕ್ಷರ, ಹಾಗಾಗಿ ನೆಟ್‌ವರ್ಕ್ ಸರಿಯಿಲ್ಲದ ಕಡೆಯೂ ತೆರೆದುಕೊಳ್ಳುತ್ತವೆ. ಇಷ್ಟಿದ್ದೂ ಬಹಳ ಜನ ಎರಡನೇ ಪುಟಕ್ಕೇ ಕೈಬಿಡುವುದು ಒಂದೇ ಕಾರಣಕ್ಕೆ: ಎಲ್ಲಿಂದ ಶುರು ಮಾಡಬೇಕೆಂದು ವಿಶ್ವಕೋಶ ಹೇಳುವುದಿಲ್ಲ.

ಹೊಸಬರು ಸಾಮಾನ್ಯವಾಗಿ ಹುಡುಕುವುದು ‘ಜಸ್ಟಿಸ್’ ಅಥವಾ ‘ಒರಿಜಿನಲ್ ಪೊಸಿಷನ್’. ಎರಡನೆಯದು ಅಮೆರಿಕದ ತತ್ವಶಾಸ್ತ್ರಜ್ಞ ಜಾನ್ ರಾಲ್ಸ್ ಅವರ ಮೂಲಸ್ಥಿತಿಯ ವಾದವನ್ನು, ಅಂದರೆ ತಮ್ಮ ಸ್ಥಾನಮಾನ ಏನೆಂದು ತಿಳಿಯದವರು ಸಮಾಜದ ನಿಯಮಗಳನ್ನು ಆರಿಸುವ ಕಲ್ಪಿತ ಸನ್ನಿವೇಶವನ್ನು, ಎಳೆಎಳೆಯಾಗಿ ಬಿಡಿಸುವ ಉದ್ದದ ಲೇಖನ, ಮೊದಲ ಓದಿಗಲ್ಲ. ‘ವೆಲ್-ಬೀಯಿಂಗ್’ ಲೇಖನದಿಂದ ಹೊರಟರೆ ಮುಂದಿನದೆಲ್ಲ ಸಲೀಸು. ಪಾಲು ಹಂಚುವ ಮಾತಿಗೆ ಮೊದಲು, ಮನುಷ್ಯನಿಗೆ ಒಳಿತು ಅಂದರೆ ಏನು ಎಂಬುದು ತೀರ್ಮಾನವಾಗಬೇಕಲ್ಲ.

ರೋಜರ್ ಕ್ರಿಸ್ಪ್ ಬರೆದಿರುವ ಆ ಲೇಖನ ಚಿಕ್ಕದು, ತಿಳಿಯಾದದ್ದು. ಮೂರು ಸಿದ್ಧಾಂತಗಳು ಅದರ ನಡುಗಂಬ. ಸುಖವಾದದ ಪ್ರಕಾರ ಅನುಭವಕ್ಕೆ ಬರುವ ಸುಖವೇ ಒಳಿತು. ಬಯಕೆಯ ಸಿದ್ಧಾಂತದಲ್ಲಿ, ಬಯಸಿದ್ದು ಈಡೇರುವುದೇ ಒಳಿತು. ವಸ್ತುನಿಷ್ಠ ಪಟ್ಟಿಯ ಸಿದ್ಧಾಂತವಾದರೋ ಜ್ಞಾನ, ಗೆಳೆತನ ಮುಂತಾದ ಕೆಲವು ಸಂಗತಿಗಳು ನಾವು ಬಯಸಲಿ ಬಿಡಲಿ ನಮಗೆ ಒಳ್ಳೆಯವು ಎನ್ನುತ್ತದೆ. ರಾಬರ್ಟ್ ನೋಜಿಕ್ 1974ರಲ್ಲಿ ಮುಂದಿಟ್ಟ ಅನುಭವ ಯಂತ್ರದ ಪ್ರಶ್ನೆಯನ್ನು ಇಲ್ಲಿ ನಿಧಾನವಾಗಿ ಓದಬೇಕು. ಬೇಕಾದ ಸುಖವನ್ನೆಲ್ಲ ಮಿದುಳಿಗೆ ಕೊಡುವ ಯಂತ್ರವೊಂದಿದ್ದರೆ ಜೀವಮಾನವಿಡೀ ಅದಕ್ಕೆ ತಗುಲಿಕೊಂಡಿರುತ್ತೀರಾ? ‘ಇಲ್ಲ’ ಎನ್ನುವವರು ಸುಖದಾಚೆಗೂ ಒಳಿತಿದೆ ಎಂದು ಒಪ್ಪಿದಂತೆ. ಬಯಕೆಯ ಸಿದ್ಧಾಂತಕ್ಕೂ ಕಷ್ಟವಿದೆ. ಮನೆಮಂದಿಯೆಲ್ಲ ಉಂಡ ಮೇಲೆ ಉಳಿದದ್ದನ್ನು ಉಂಡು ‘ನನಗೇನೂ ಕಮ್ಮಿಯಿಲ್ಲ’ ಎನ್ನುವ ಹೆಂಗಸು ಬಯಸಿದ್ದೇ ಅಷ್ಟು, ಬಯಸಿದ್ದು ಸಿಕ್ಕಿದೆ. ಅವಳು ಚೆನ್ನಾಗಿದ್ದಾಳೆ ಎಂದು ಬರೆದುಕೊಂಡು ಎದ್ದುಬರಲಾಗುತ್ತದೆಯೇ? ಈ ಹೆಂಗಸನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತಾಳೆ.

ಎರಡನೆಯದು ಸ್ಟೆಫಾನ್ ಗೋಸೆಪಾತ್ ಅವರ ‘ಈಕ್ವಾಲಿಟಿ’. ಇಡೀ ಗುಂಪಿನಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಇದೇ. ಸಮಾನತೆ ಬೇಕು ಸರಿ, ಯಾವುದರ ಸಮಾನತೆ ಎಂದು ಅಮರ್ತ್ಯ ಸೇನ್ 1979ರಲ್ಲಿ ಕೇಳಿದ್ದರು, ಅದೂ ಇದೇ ಸ್ಟ್ಯಾನ್‌ಫರ್ಡ್‌ನಲ್ಲಿ ಕೊಟ್ಟ ಉಪನ್ಯಾಸದಲ್ಲಿ. ಸಂತೃಪ್ತಿಯದೇ, ಸಂಪನ್ಮೂಲದ್ದೇ, ಅವಕಾಶದ್ದೇ, ಬದುಕಲು ನಿಜವಾಗಿ ದಕ್ಕುವ ಸಾಧ್ಯತೆಗಳದ್ದೇ? ರೊನಾಲ್ಡ್ ಡ್ವಾರ್ಕಿನ್ 1981ರಲ್ಲಿ ಸಂಪನ್ಮೂಲದ ಪರ ನಿಂತರು. ದ್ವೀಪದಲ್ಲಿ ಸಿಕ್ಕಿಕೊಂಡವರು ಸಮ ಸಂಖ್ಯೆಯ ಕಪ್ಪೆಚಿಪ್ಪು ಹಿಡಿದು ಹರಾಜಿಗೆ ಕೂರುತ್ತಾರೆ. ಹರಾಜು ಮುಗಿದಾಗ ಇನ್ನೊಬ್ಬರ ಪಾಲಿನ ಮೇಲೆ ಯಾರಿಗೂ ಆಸೆಯಾಗದಿದ್ದರೆ ಹಂಚಿಕೆ ಸಮ. ಎಲಿಜಬೆತ್ ಆ್ಯಂಡರ್ಸನ್ 1999ರಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು: ಸಮಾನತೆ ಇರುವುದು ಪಾಲಿನಲ್ಲಲ್ಲ, ಜನ ಜನರ ನಡುವಿನ ಸಂಬಂಧದಲ್ಲಿ. ಒಂದೇ ಕೂಲಿ ಕೊಟ್ಟು ನೀರಿನ ಲೋಟ ಮಾತ್ರ ಬೇರೆ ಇಟ್ಟರೆ ತಪ್ಪು ಎಲ್ಲಿದೆ ಎಂದು ಹಂಚಿಕೆಯ ಸಿದ್ಧಾಂತಗಳು ತಡವರಿಸುವ ಕಡೆ ಆ್ಯಂಡರ್ಸನ್ ನೇರ ಉತ್ತರ ಕೊಡುತ್ತಾರೆ. ನಮ್ಮ ಓದುಗರಿಗೆ ಈ ಭಾಗ ಬೇರೆಲ್ಲಕ್ಕಿಂತ ಮುಖ್ಯ, ಇನ್ನಷ್ಟು ವಿಸ್ತಾರವಾಗಿ ಇರಬೇಕಿತ್ತು.

ಆಮೇಲೆ ರಾಲ್ಸ್. ‘ಡಿಸ್ಟ್ರಿಬ್ಯೂಟಿವ್ ಜಸ್ಟಿಸ್’ ಓದುವಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಮೂವರ ಪಾಲನ್ನು ಬರೆದುಕೊಳ್ಳಿ. ಮೊದಲ ವ್ಯವಸ್ಥೆಯಲ್ಲಿ 10, 10, 10. ಎರಡನೆಯದರಲ್ಲಿ 12, 15, 20. ಮೂರನೆಯದರಲ್ಲಿ 8, 30, 60. ಒಟ್ಟು ಮೊತ್ತ 30, 47, 98. ಇವು ಸಂತೃಪ್ತಿಯ ಅಳತೆ ಎಂದಿಟ್ಟುಕೊಂಡರೆ, ಮೊತ್ತ ನೋಡುವ ಉಪಯುಕ್ತತಾವಾದಿ ಮೂರನೆಯದನ್ನು ಆರಿಸುತ್ತಾನೆ. ಕಟ್ಟುನಿಟ್ಟಿನ ಸಮಾನತಾವಾದಿಗೆ ಮೊದಲನೆಯದೇ ಸರಿ. ಇವು ಆದಾಯ, ಸಂಪತ್ತಿನ ಅಳತೆಯಾದರೆ ರಾಲ್ಸ್ ಅವರ ವ್ಯತ್ಯಾಸ ತತ್ವ ಎರಡನೆಯದನ್ನು ಹಿಡಿಯುತ್ತದೆ, ಏಕೆಂದರೆ ಅತಿ ಕೆಳಗಿರುವವರ ಪಾಲು ಅಲ್ಲೇ ಹೆಚ್ಚು. ಇಷ್ಟಕ್ಕೇ ರಾಲ್ಸ್ ಅರ್ಥವಾಯಿತು ಅಂದುಕೊಳ್ಳುವುದೇ ದೊಡ್ಡ ತಪ್ಪು. ವ್ಯತ್ಯಾಸ ತತ್ವದ ಸರದಿ ಬರುವುದು ಕೊನೆಗೆ. ಮೊದಲು ಎಲ್ಲರಿಗೂ ಸಮಾನ ಮೂಲಭೂತ ಸ್ವಾತಂತ್ರ್ಯ, ಅದರ ನಂತರ ಅವಕಾಶದ ನೈಜ ಸಮಾನತೆ. ಇವೆರಡನ್ನು ಬಿಟ್ಟುಕೊಟ್ಟು ಆದಾಯ ಹೆಚ್ಚಿಸಿಕೊಳ್ಳುವಂತಿಲ್ಲ. ಇನ್ನೊಂದು ಎಡವಟ್ಟು, ಈ ತತ್ವವನ್ನು ಒಂದು ಸಂಬಳಕ್ಕೋ ಒಂದು ಯೋಜನೆಗೋ ನೇರವಾಗಿ ಅಂಟಿಸುವುದು. ಅದು ಅಳೆಯುವುದು ಸಂವಿಧಾನ, ಆಸ್ತಿ ವ್ಯವಸ್ಥೆ, ತೆರಿಗೆಗಳೆಲ್ಲ ಸೇರಿದ ಸಮಾಜದ ಮೂಲ ರಚನೆಯನ್ನು.

ಇನ್ಗ್ರಿಡ್ ರೋಬೈನ್ಸ್ ಮೊದಲು ಬರೆದ, ಸೇನ್ ಅವರ ವಿಚಾರವನ್ನು ವಿವರಿಸುವ ‘ಕೇಪಬಿಲಿಟಿ ಅಪ್ರೋಚ್’ ನಾಲ್ಕನೆಯದಾಗಿರಲಿ. ಇದನ್ನು ಮುಗಿಸಿ ಓದಿದ್ದನ್ನೆಲ್ಲ ಒರೆಗೆ ಹಚ್ಚಲು ಕರ್ನಾಟಕದ್ದೇ ಒಂದು ಪ್ರಕರಣವಿದೆ. 2023ರ ಜುಲೈನಲ್ಲಿ ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿಗೆ ಬದಲು ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕುವುದು ಶುರುವಾಯಿತು. 2025ರಲ್ಲಿ ಮತ್ತೆ ಅಕ್ಕಿಗೆ ಮರಳಿದರು. ಅಕ್ಕಿಯೋ ದುಡ್ಡೋ? ಸಂಪನ್ಮೂಲವಾದಿ ಮೊದಲು ಲೆಕ್ಕ ಕೇಳುತ್ತಾನೆ: ಅಂಗಡಿಯಲ್ಲಿ ಕಿಲೋಗೆ 50 ರೂಪಾಯಿಯಾದರೆ 170ಕ್ಕೆ ಸಿಗುವುದು 3 ಕಿಲೋ 400 ಗ್ರಾಂ, ಎರಡೂ ಸಮವಲ್ಲ. ಬಯಕೆಯ ಸಿದ್ಧಾಂತದವನು ಜನ ಯಾವುದನ್ನು ಕೇಳುತ್ತಾರೋ ಅದನ್ನು ಕೊಡಿ ಎನ್ನುತ್ತಾನೆ. ಸೇನ್ ಅವರ ದಾರಿಯಲ್ಲಿ ಹೋದವರು ಅಡುಗೆಮನೆಯವರೆಗೂ ಬರುತ್ತಾರೆ: ಖಾತೆ ಯಾರ ಕೈಯಲ್ಲಿದೆ, ದುಡ್ಡು ಅನ್ನವಾಗುತ್ತದೆಯೇ ಸಾಲಕ್ಕೆ ಹೋಗುತ್ತದೆಯೇ, ಕೊನೆಯಲ್ಲಿ ಉಣ್ಣುವ ಆ ಹೆಂಗಸಿನ ತಟ್ಟೆಗೆ ಎಷ್ಟು ಬೀಳುತ್ತದೆ. ಇದ್ದ ಸಂಪನ್ಮೂಲ ಬದುಕಾಗಿ ಮಾರ್ಪಡುವ ದಾರಿಯಲ್ಲಿ ದೇಹ, ಕುಟುಂಬ, ಊರು ಎಲ್ಲವೂ ಅಡ್ಡ ಬರಬಹುದು ಎಂಬುದೇ ಆ ಲೇಖನದ ತಿರುಳು.

ವಿಶ್ವಕೋಶ ಇರುವುದು ಇಂಗ್ಲಿಷಿನಲ್ಲಿ. ಹಾಗೆಂದು ಇಡೀ ಪುಟವನ್ನು ಯಂತ್ರಾನುವಾದಕ್ಕೆ ಕೊಟ್ಟರೆ ಪರಿಭಾಷೆ ಕೈಕೊಡುತ್ತದೆ. ‘ಡೆಸರ್ಟ್’ ಎಂದರೆ ಇಲ್ಲಿ ತಕ್ಕ ಫಲಕ್ಕೆ ಅರ್ಹನಾಗಿರುವುದು. ಕಾಗುಣಿತ ಒಂದೇ ಆದ್ದರಿಂದ ಮರುಭೂಮಿ ಎಂದಾಗುವ ಅಪಾಯವಿದೆ. ‘ಪ್ರೈಮರಿ ಗೂಡ್ಸ್’ ಪ್ರಾಥಮಿಕ ಸರಕುಗಳಲ್ಲ. ಹಕ್ಕು, ಸ್ವಾತಂತ್ರ್ಯ, ಅವಕಾಶ, ಆದಾಯ, ಸ್ವಗೌರವದ ಸಾಮಾಜಿಕ ಆಧಾರ ಇವೆಲ್ಲ ಅದರಲ್ಲಿವೆ. ‘ಕೇಪಬಿಲಿಟಿ’ಯನ್ನು ಸಾಮರ್ಥ್ಯ ಎಂದು ಬರೆಯುವುದು ರೂಢಿಯಾಗಿದೆ, ಆದರೆ ಕನ್ನಡದ ಕಿವಿಗೆ ಅದು ಕಸುಬುಗಾರಿಕೆಯಂತೆ, ತೋಳ್ಬಲದಂತೆ ಕೇಳುತ್ತದೆ. ಸೇನ್ ಹೇಳುವುದು ನಿಜವಾಗಿ ಕೈಗೆಟಕುವ ಸಾಧ್ಯತೆಯನ್ನು. ಇಂಥ ಹತ್ತು ಹನ್ನೆರಡು ಪದಗಳ ಪಟ್ಟಿಯನ್ನು ಮೊದಲೇ ಮಾಡಿಕೊಂಡರೆ ಅರ್ಧ ಗೊಂದಲ ತಪ್ಪುತ್ತದೆ.

ಪ್ರಬಂಧಕ್ಕೆ ಬಳಸುವವರಿಗೆ ಎರಡು ಮಾತು. ಲೇಖನಗಳು ಬದಲಾಗುತ್ತಿರುತ್ತವೆ, ಪುಟದ ವಿಳಾಸವನ್ನಷ್ಟೇ ಉಲ್ಲೇಖಿಸಿದರೆ ನೀವು ಎತ್ತಿಕೊಂಡ ಸಾಲು ಮುಂದಿನ ವರ್ಷ ಅಲ್ಲಿ ಇಲ್ಲದಿರಬಹುದು. ವಿಶ್ವಕೋಶದ ಆಯಾ ಹೊತ್ತಿನ ರೂಪವನ್ನು ವರ್ಷಕ್ಕೆ ನಾಲ್ಕು ಸಲ ಆರ್ಕೈವ್‌ನಲ್ಲಿ ಹಾಗೇ ಕಾಪಿಡುತ್ತಾರೆ. ಪುಟದಲ್ಲಿರುವ ‘ಆಥರ್ ಅಂಡ್ ಸೈಟೇಶನ್ ಇನ್ಫೋ’ ಒತ್ತಿದರೆ ಆ ಆವೃತ್ತಿಯ ಉಲ್ಲೇಖ ಸಿದ್ಧವಾಗಿ ಸಿಗುತ್ತದೆ, ಅದನ್ನೇ ಹಾಕಿ. ಇನ್ನು ಮುದ್ರಣ. ಅಡಿಟಿಪ್ಪಣಿಗಳು ಪ್ರತ್ಯೇಕ ಪುಟದಲ್ಲಿರುವುದರಿಂದ ಲೇಖನವನ್ನು ಪ್ರಿಂಟ್ ತೆಗೆದರೆ ಅವು ಬರುವುದಿಲ್ಲ. ವಾದದ ಸೂಕ್ಷ್ಮಗಳು ಎಷ್ಟೋ ಸಲ ಟಿಪ್ಪಣಿಯಲ್ಲೇ ಇರುತ್ತವೆ, ಹಾಗಾಗಿ ಯಾವುದಾದರೂ ಟಿಪ್ಪಣಿಯ ಅಂಕೆ ಒತ್ತಿ ಆ ಪುಟ ತೆರೆದು, ಅದನ್ನೂ ಬೇರೆಯಾಗಿ ಪ್ರಿಂಟ್ ಹಾಕಿಕೊಳ್ಳಿ. ಅಚ್ಚುಕಟ್ಟಾದ ಪಿಡಿಎಫ್ ಬೇಕಾದವರು ವಿಶ್ವಕೋಶದ ಸದಸ್ಯತ್ವಕ್ಕೆ ಹಣ ಕಟ್ಟಬೇಕು. ಬರೀ ಓದುವುದಕ್ಕೆ ಅದರ ಅಗತ್ಯವಿಲ್ಲ.